ಗಾಜಿನ ರಿಮೋಟ್ ಅಜ್ಜಿಯ ಕೈಗೆ ಒಗ್ಗೀತೇ?

ನಮ್ಮ ಕೋಡಿಯಲ್ಲಿ ಈಗ ಹೆಂಚಿನ ಮನೆಯಲ್ಲೂ ಮೂರು ರಿಮೋಟ್ ಇರುತ್ತವೆ. ಟಿವಿಗೆ ಒಂದು, ಡಿಶ್ ಪೆಟ್ಟಿಗೆಗೆ ಒಂದು, ಕರೆಂಟ್ ಉಳಿಸುವ ಹೊಸ ಮಾದರಿಯ ಫ್ಯಾನಿಗೆ ಒಂದು. ಟೆರೇಸ್ ಮನೆಯಾದರೆ ಏಸಿಯದ್ದು ಸೇರಿ ನಾಲ್ಕು, ಟಿವಿಯ ಅಡಿಗೆ ಸೌಂಡ್ ಬಾರ್ ಇಟ್ಟಿದ್ದರೆ ಐದು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಕವರ್, ಕವರಿನ ಮೇಲೆ ರಬ್ಬರ್ ಬ್ಯಾಂಡ್. ಸಂಜೆ ಏಳು ಗಂಟೆಗೆ ವಾರ್ತೆ ಹಾಕಬೇಕೆಂದರೆ ಸೋಫಾದ ಸಂದಿ, ದಿಂಬಿನ ಅಡಿ, ಪೇಪರಿನ ರಾಶಿ ಎಲ್ಲ ಹುಡುಕಿ ಆಗಬೇಕು. ಸಿಕ್ಕಿದ ಮೇಲೆ ಅದು ಬೇರೆಯದರ ರಿಮೋಟ್ ಆಗಿರುತ್ತದೆ.

‘ಇಷ್ಟೆಲ್ಲ ಯಾಕೆ, ಎಲ್ಲದಕ್ಕೂ ಒಂದೇ ಸಾಕಲ್ಲ?’ ಎನ್ನುವವರಿಗಾಗಿಯೇ ಯುನಿವರ್ಸಲ್ ರಿಮೋಟ್ ಬಂತು. ಅದರಲ್ಲೂ ಈಗಿನ ಮಕ್ಕಳ ಕಣ್ಣು ಬಿದ್ದಿರುವುದು ಗುಂಡಿಗಳೇ ಇಲ್ಲದ, ಮೊಬೈಲಿನ ಹಾಗೆ ಗಾಜು ಮುಟ್ಟಿ ನಡೆಸುವ ಟಚ್‌ಸ್ಕ್ರೀನ್ ರಿಮೋಟಿನ ಮೇಲೆ. ಬೆಂಗಳೂರಿನಿಂದಲೋ ದುಬೈಯಿಂದಲೋ ರಜೆಗೆ ಬರುವ ಮಗ ಅದನ್ನು ಉಡುಗೊರೆ ಎಂದು ತರುತ್ತಾನೆ. ಅವನು ವಾಪಸ್ ಹೋದ ಮೇಲೆ ಅದನ್ನು ಹಿಡಿದುಕೊಳ್ಳಬೇಕಾದವರು ಮನೆಯಲ್ಲಿ ಉಳಿಯುವ ಅಜ್ಜ, ಅಜ್ಜಿ.

ನಾನು ಕುಂದಾಪುರದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ರೇಡಿಯೊ, ಟಿವಿ ರಿಪೇರಿ ಮಾಡಿದವನು. ಅಂಗಡಿ ಮುಚ್ಚಿ ಕೆಲವು ವರ್ಷವಾಯಿತು. ಆದರೂ ಊರಿನವರು ಕೆಟ್ಟ ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬರುವುದು ನಿಂತಿಲ್ಲ. ಈಚೆಗೆ ಅವರ ಪ್ರಶ್ನೆಯೂ ಬದಲಾಗಿದೆ: “ಹ್ವಾಯ್, ಈ ಮುಟ್ಟು ರಿಮೋಟ್ ತಕಂಬುದಾ, ಬ್ಯಾಡ್ದಾ?” ನಿಂತ ಕಾಲಲ್ಲಿ ಉತ್ತರ ಹೇಳಿ ಮುಗಿಯುವ ಪ್ರಶ್ನೆ ಅದಲ್ಲ. ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ಓದಲಿ ಎಂದು ಇಲ್ಲಿ ಬರೆದಿದ್ದೇನೆ.

ಮೊದಲ ರಿಮೋಟ್ ಮನೆಯ ಮಕ್ಕಳು

ನಮ್ಮ ದೇಶದಲ್ಲಿ ದೂರದರ್ಶನ ದಿಲ್ಲಿಯಲ್ಲಿ ಶುರುವಾದದ್ದು 1959ರಲ್ಲಿ. ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ. 1987ರಲ್ಲಿ ‘ರಾಮಾಯಣ’ ಧಾರಾವಾಹಿ ಬಂದಾಗ ಊರಿನಲ್ಲಿ ಟಿವಿ ಇದ್ದದ್ದೇ ಬೆರಳೆಣಿಕೆಯ ಮನೆಗಳಲ್ಲಿ. ಹೆಚ್ಚಿನ ಸೆಟ್ಟುಗಳಿಗೆ ರಿಮೋಟ್ ಇರಲಿಲ್ಲ. ದನಿ ಹೆಚ್ಚಿಸಲು, ತಗ್ಗಿಸಲು ಕಿವಿ ಹಿಂಡಿದ ಹಾಗೆ ತಿರುಗಿಸುವ ಗುಬುಟು. ಅದನ್ನು ತಿರುಗಿಸಲು ಎದುರು ಚಾಪೆಯ ಮೇಲೆ ಕೂತ ಮಕ್ಕಳು. ಮಾಡಿನ ಮೇಲೆ ಆಂಟೆನಾ ತಿರುಗಿಸುವವನೊಬ್ಬ, ಕಿಟಕಿಯಲ್ಲಿ ನಿಂತು “ಬಂತ್, ಬಂತ್! ಹೋಯ್ತ್, ಹೋಯ್ತ್!” ಎಂದು ಕೂಗುವವನೊಬ್ಬ. ಇಂದಿನ ಅಜ್ಜ, ಅಜ್ಜಿಯರಲ್ಲಿ ಎಷ್ಟೋ ಮಂದಿ ಆ ಕಾಲದಲ್ಲಿ ಹೀಗೆ ಮಕ್ಕಳ ಕೈಯಲ್ಲಿ ಚಾನೆಲ್ ತಿರುಗಿಸಿದವರೇ.

ಹೊರದೇಶದಲ್ಲಿ ರಿಮೋಟಿನ ಕಥೆ ಅದಕ್ಕೂ ಹಿಂದಿನದು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಜನರ ಎದುರು ಒಂದು ಪುಟ್ಟ ದೋಣಿಯನ್ನು ತಂತಿ ಇಲ್ಲದೆ, ರೇಡಿಯೊ ಅಲೆಯಿಂದ ನಡೆಸಿ ತೋರಿಸಿದರು. ಅಮೆರಿಕದ ಜೆನಿತ್ ಕಂಪೆನಿ 1950ರಲ್ಲಿ ಟಿವಿಗೆ ರಿಮೋಟ್ ಕೊಟ್ಟಿತು. ಅದರಿಂದ ಟಿವಿಯವರೆಗೆ ಉದ್ದದ ವಯರು ಇತ್ತು. ಕೋಣೆಯಲ್ಲಿ ಓಡಾಡುವವರ ಕಾಲಿಗೆ ಅದು ತೊಡರುತ್ತಿತ್ತು. ಅದೇ ಕಂಪೆನಿಯ ಯೂಜೀನ್ ಪಾಲಿ 1955ರಲ್ಲಿ ಬೆಳಕಿನ ರಿಮೋಟ್ ಮಾಡಿದರು. ಟಾರ್ಚಿನ ಹಾಗೆ ಟಿವಿಯ ಮೂಲೆಗೆ ಬೆಳಕು ಬಿಟ್ಟರೆ ಚಾನೆಲ್ ಬದಲಾಗುತ್ತಿತ್ತು. ತೊಂದರೆ ಏನೆಂದರೆ, ಕಿಟಕಿಯಿಂದ ಬಿಸಿಲು ಬಿದ್ದರೂ ಬದಲಾಗುತ್ತಿತ್ತು! ಮರುವರ್ಷ, 1956ರಲ್ಲಿ, ರಾಬರ್ಟ್ ಆ್ಯಡ್ಲರ್ ಶಬ್ದದ ರಿಮೋಟ್ ತಂದರು. ಒಳಗೆ ಅಲ್ಯೂಮಿನಿಯಂ ಸರಳುಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಸರಳನ್ನು ಬಡಿಯುತ್ತಿತ್ತು. ಹೊರಡುವ ದನಿ ಮನುಷ್ಯರ ಕಿವಿಗೆ ಕೇಳದಷ್ಟು ಏರುಸ್ಥಾಯಿಯದ್ದು. ಟಿವಿಗೆ ಮಾತ್ರ ಕೇಳುತ್ತಿತ್ತು. ಅದಕ್ಕೆ ಸೆಲ್ಲೇ ಬೇಕಿರಲಿಲ್ಲ.

ನಾವು ಇಂದು ಬಳಸುವ, ಕಣ್ಣಿಗೆ ಕಾಣದ ಬೆಳಕಿನ ರಿಮೋಟ್ ರೂಢಿಗೆ ಬಂದದ್ದು 1980ರ ದಶಕದಲ್ಲಿ. ಬೇರೆ ಬೇರೆ ಯಂತ್ರಗಳ ಸಂಕೇತ ಕಲಿಯುವ ರಿಮೋಟನ್ನು 1987ರಲ್ಲಿ ಮಾರುಕಟ್ಟೆಗೆ ತಂದವರಲ್ಲಿ ಆ್ಯಪಲ್ ಕಂಪೆನಿ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಒಬ್ಬರು. 1998ರಲ್ಲಿ ಫಿಲಿಪ್ಸ್ ‘ಪ್ರೊಂಟೊ’ ಎಂಬ ಟಚ್‌ಸ್ಕ್ರೀನ್ ಯುನಿವರ್ಸಲ್ ರಿಮೋಟ್ ಬಿಟ್ಟಿತು. ಆಮೇಲೆ ಲಾಜಿಟೆಕ್ ಕಂಪೆನಿಯ ‘ಹಾರ್ಮನಿ’ ಸರಣಿ ಬಹಳ ಹೆಸರು ಮಾಡಿತು. 2021ರಲ್ಲಿ ಆ ಕಂಪೆನಿ ಹಾರ್ಮನಿ ರಿಮೋಟುಗಳ ತಯಾರಿಯನ್ನೇ ನಿಲ್ಲಿಸುವುದಾಗಿ ಹೇಳಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೀಪಸ್ತಂಭದ ತಮ್ಮ

ಕೋಡಿಯ ಮಕ್ಕಳಿಗೆ ರಿಮೋಟಿನ ಗುಟ್ಟು ಹೇಳಿಕೊಡುವುದು ಸುಲಭ. ನಮ್ಮಲ್ಲಿ ದೀಪಸ್ತಂಭ ಇದೆ. ಪಂಚಗಂಗಾವಳಿಯ ಅಳಿವೆಯಲ್ಲಿ ಆಚೆ ಗಂಗೊಳ್ಳಿ, ಈಚೆ ಕೋಡಿ. ರಾತ್ರಿ ದೋಣಿಯಲ್ಲಿರುವವರು ದೀಪ ಹೊತ್ತಿ ಆರುವ ಲೆಕ್ಕ ನೋಡಿ ಇದು ಯಾವ ಊರಿನ ದೀಪ ಎಂದು ಹೇಳಬಲ್ಲರು. ಒಂದೊಂದು ದೀಪಸ್ತಂಭಕ್ಕೂ ಅದರದ್ದೇ ಲಯ ಇರುತ್ತದೆ. ರಿಮೋಟ್ ಕೂಡ ಪುಟ್ಟ ದೀಪಸ್ತಂಭವೇ. ಅದರ ಮೂತಿಯಲ್ಲಿರುವ ಬಲ್ಬು ಹೊತ್ತಿ ಆರಿ, ಹೊತ್ತಿ ಆರಿ ಮಾತಾಡುತ್ತದೆ. ಟಿವಿಯ ಎದುರಿರುವ ಕಪ್ಪು ಕಣ್ಣು ಆ ಲಯವನ್ನು ಓದುತ್ತದೆ.

ಅದರ ಬೆಳಕು ಅವಕೆಂಪು, ಅಂದರೆ ಇನ್‌ಫ್ರಾರೆಡ್. ನಮ್ಮ ಕಣ್ಣು ಸುಮಾರು 700 ನ್ಯಾನೊಮೀಟರಿನವರೆಗಿನ ಬೆಳಕನ್ನು ಕಾಣುತ್ತದೆ. ರಿಮೋಟಿನದ್ದು ಸಾಮಾನ್ಯವಾಗಿ 940ರ ಹತ್ತಿರ. ಬಿಸಿಲು, ಬಲ್ಬುಗಳಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಟಿವಿ ಗಲಿಬಿಲಿಯಾಗಬಾರದಲ್ಲ? ಅದಕ್ಕೇ ರಿಮೋಟ್ ತನ್ನ ಬೆಳಕನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿಣುಕಿಸುತ್ತದೆ. ಅಷ್ಟು ವೇಗದ ಮಿಣುಕಿಗೆ ಮಾತ್ರ ಟಿವಿ ಓಗೊಡುತ್ತದೆ. ಒಂದು ಗುಂಡಿಯ ಇಡೀ ಸಂದೇಶ ಮುಗಿಯಲು ಸೆಕೆಂಡಿನ ಹತ್ತರಲ್ಲೊಂದು ಪಾಲೂ ಬೇಡ.

ಮಕ್ಕಳೇ, ಇದನ್ನು ಕಣ್ಣಾರೆ ನೋಡಬಹುದು. ಮೊಬೈಲ್ ಕ್ಯಾಮೆರಾ ತೆರೆದು ಅದರ ಎದುರು ರಿಮೋಟಿನ ಮೂತಿ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ನಸು ನೇರಳೆ ಬಣ್ಣದ ಬೆಳಕು ಮಿಣುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ನಾನು ಅಂಗಡಿಯಲ್ಲಿ ಕಡೆಕಡೆಗೆ ಮಾಡುತ್ತಿದ್ದ ಮೊದಲ ಪರೀಕ್ಷೆಯೂ ಇದೇ. ಬೆಳಕು ಕಂಡರೆ ರಿಮೋಟ್ ಸರಿ ಇದೆ, ತೊಂದರೆ ಟಿವಿಯದ್ದು. ಕಾಣದಿದ್ದರೆ ಮೊದಲು ಸೆಲ್ಲು ಬದಲಿಸಿ. ಆಮೇಲೆ ಟಿವಿಗೆ ಬೆನ್ನು ಹಾಕಿ ನಿಂತು, ಎದುರಿನ ಗೋಡೆಯತ್ತ ರಿಮೋಟ್ ಹಿಡಿದು ಒತ್ತಿ ನೋಡಿ. ಹಲವು ಸಲ ಟಿವಿ ಮಾತು ಕೇಳುತ್ತದೆ. ಬೆಳಕು ಗೋಡೆಗೆ ಬಡಿದು ಹಿಂದಿರುಗಿದ್ದೇ ಕಾರಣ.

ಎಲ್ಲರ ಭಾಷೆ ಬಲ್ಲವ

ಒಂದೊಂದು ಕಂಪೆನಿಯ ಲಯ ಒಂದೊಂದು ಥರ. ಅದಕ್ಕೇ ಪಕ್ಕದ ಮನೆಯ ರಿಮೋಟ್ ನಮ್ಮ ಟಿವಿಗೆ ನಡೆಯುವುದಿಲ್ಲ. ಇಬ್ಬರದ್ದೂ ಒಂದೇ ಕಂಪೆನಿಯಾದರೆ ನಡೆದೀತು. ಯುನಿವರ್ಸಲ್ ರಿಮೋಟ್ ಈ ಭಾಷೆಗಳನ್ನು ಎರಡು ದಾರಿಯಲ್ಲಿ ಕಲಿಯುತ್ತದೆ. ಒಂದು, ನೂರಾರು ಕಂಪೆನಿಗಳ ಸಂಕೇತ ಮೊದಲೇ ಅದರಲ್ಲಿ ತುಂಬಿರುತ್ತದೆ; ನಿಮ್ಮ ಟಿವಿಯ ಹೆಸರು ಆರಿಸಿದರೆ ಸಾಕು. ಇನ್ನೊಂದು, ಹಳೆಯ ರಿಮೋಟನ್ನು ಅದರ ಮೂತಿಗೆ ಮೂತಿ ಕೊಟ್ಟು ಇಟ್ಟು ಒಂದೊಂದೇ ಗುಂಡಿ ಒತ್ತಿ ಹೇಳಿಕೊಡುವುದು, ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ. ಡಿಶ್ ಕಂಪೆನಿಗಳು ಕೊಡುವ ಕೆಲವು ರಿಮೋಟುಗಳಲ್ಲೂ ಈ ಕಲಿಯುವ ಗುಣ ಇದೆ. ಎಷ್ಟೋ ಮನೆಗಳಲ್ಲಿ ಅದು ಗೊತ್ತೇ ಇಲ್ಲದೆ ಎರಡು ರಿಮೋಟ್ ಹಿಡಿದುಕೊಂಡು ಕೂತಿರುತ್ತಾರೆ.

ಆದರೆ ಭಾಷೆ ಬಲ್ಲವನಿಗೂ ಎಡವಟ್ಟು ಆಗುವ ಜಾಗಗಳಿವೆ. ಟಿವಿಯ ಕೆಂಪು ಗುಂಡಿ ಸಾಮಾನ್ಯವಾಗಿ ಒಂದೇ ಸಂಕೇತ ಕಳಿಸುತ್ತದೆ: ಆರಿದ್ದರೆ ಹೊತ್ತು, ಹೊತ್ತಿದ್ದರೆ ಆರು. ಯುನಿವರ್ಸಲ್ ರಿಮೋಟಿನಲ್ಲಿ ‘ವಾರ್ತೆ ನೋಡು’ ಎಂದು ಮುಟ್ಟಿದರೆ ಅದು ಟಿವಿ, ಡಿಶ್ ಪೆಟ್ಟಿಗೆ, ಸೌಂಡ್ ಬಾರ್ ಮೂರಕ್ಕೂ ಆ ಸಂಕೇತ ಕಳಿಸುತ್ತದೆ. ಪೆಟ್ಟಿಗೆ ಮೊದಲೇ ಹೊತ್ತಿದ್ದರೆ? ಟಿವಿ ಹೊತ್ತುತ್ತದೆ, ಪೆಟ್ಟಿಗೆ ಆರುತ್ತದೆ. ಇನ್ನೊಮ್ಮೆ ಮುಟ್ಟಿದರೆ ಪೆಟ್ಟಿಗೆ ಹೊತ್ತುತ್ತದೆ, ಟಿವಿ ಆರುತ್ತದೆ. ಇದಕ್ಕೆ ಕೊನೆ ಇಲ್ಲ.

ಏಸಿಯದ್ದು ಬೇರೆಯೇ ಕಥೆ. ಟಿವಿ ರಿಮೋಟ್ ‘ದನಿ ಒಂದು ಮೆಟ್ಟಿಲು ಮೇಲೆ’ ಎಂದಷ್ಟೇ ಹೇಳುತ್ತದೆ. ಏಸಿ ರಿಮೋಟ್ ಪ್ರತಿ ಸಲವೂ ‘ತಂಪು 26, ಗಾಳಿ ನಿಧಾನ, ರೆಕ್ಕೆ ಹೀಗೆ’ ಎಂದು ಪೂರ್ತಿ ಪಟ್ಟಿ ಒಪ್ಪಿಸುತ್ತದೆ. ಏಸಿಯಿಂದ ಮರುಮಾತು ಬರುವುದಿಲ್ಲ. ಹಾಗಾಗಿ ರಿಮೋಟಿನ ಪರದೆಯಲ್ಲಿ 26 ಎಂದಿದ್ದರೂ ಏಸಿ 20ರಲ್ಲೇ ಓಡುತ್ತಿರಬಹುದು. ಮಧ್ಯರಾತ್ರಿ ಚಳಿಯಾಗಿ ಎದ್ದ ಅಜ್ಜ ಪರದೆ ನೋಡಿ ‘ಇಪ್ಪತ್ತಾರೇ ಇದೆಯಲ್ಲ’ ಎಂದು ಕಂಬಳಿ ಹೊದ್ದು ಮಲಗುತ್ತಾರೆ.

ಕೆಲವು ಸ್ಮಾರ್ಟ್ ಟಿವಿಗಳ ರಿಮೋಟ್, ಟಿವಿಗೆ ಚುಚ್ಚುವ ಫೈರ್ ಟಿವಿ ಸ್ಟಿಕ್‌ನ ರಿಮೋಟ್ ಬೆಳಕಿನ ಬದಲು ಬ್ಲೂಟೂತ್ ಎಂಬ ರೇಡಿಯೊ ಅಲೆಯಲ್ಲಿ ಮಾತಾಡುತ್ತವೆ. ಬೆಳಕಿನ ಭಾಷೆ ಮಾತ್ರ ಬಲ್ಲ ಯುನಿವರ್ಸಲ್ ರಿಮೋಟ್ ಅವುಗಳ ಎದುರು ಮೂಕ. ಕೊಳ್ಳುವ ಮುನ್ನ ಒಂದು ಪರೀಕ್ಷೆ: ಗೋಡೆಯ ಆಚೆ ನಿಂತು ಒತ್ತಿದರೂ ಯಂತ್ರ ಕೇಳಿದರೆ ಅದು ರೇಡಿಯೊ ಅಲೆಯದ್ದು.

ಗಾಜಿಗೆ ಬೆರಳು ಗೊತ್ತಾಗುವುದು ಹೇಗೆ?

ಟಚ್‌ಸ್ಕ್ರೀನ್ ನಾವು ಒತ್ತಿದ್ದನ್ನು ಅಳೆಯುವುದಿಲ್ಲ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯುವ ಪದರ ಇರುತ್ತದೆ. ನಮ್ಮ ಮೈಯಲ್ಲಿ ನೀರು, ಉಪ್ಪು ಇರುವುದರಿಂದ ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಸ್ಥಿತಿ ಚೂರು ಬದಲಾಗುತ್ತದೆ. ಎಲ್ಲಿ ಬದಲಾಯಿತು ಎಂದು ಒಳಗಿನ ಚಿಪ್ಪು ಲೆಕ್ಕ ಹಾಕುತ್ತದೆ. ಈ ಬಗೆಯ ಪರದೆಯ ವಿಚಾರವನ್ನು ಇಂಗ್ಲೆಂಡಿನ ಇ. ಎ. ಜಾನ್ಸನ್ 1965ರಲ್ಲೇ ಬರೆದಿದ್ದರು. 2007ರಲ್ಲಿ ಐಫೋನ್ ಬಂದ ಮೇಲೆ ಅದು ಲೋಕದ ಎಲ್ಲರ ಕೈಗೆ ಬಂತು.

ಈಗ ಅಜ್ಜಿಯ ಬೆರಳು ನೋಡಿ. ವಯಸ್ಸಾದ ಹಾಗೆ ಚರ್ಮ ಒಣಗುತ್ತದೆ, ತುದಿ ದಡ್ಡುಗಟ್ಟುತ್ತದೆ. ಬಲೆ ಎಳೆದ, ಗದ್ದೆ ನೆಟ್ಟ, ಕತ್ತ ಹೊಸೆದ ಕೈಯಾದರೆ ಕೇಳುವುದೇ ಬೇಡ. ಒಣ ಬೆರಳನ್ನು ಗಾಜು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಗುರುತಿಸಲಿಲ್ಲ ಎಂದು ಅಜ್ಜಿ ಇನ್ನಷ್ಟು ಜೋರಾಗಿ ಒತ್ತುತ್ತಾರೆ. ಜೋರಿಗೂ ಗಾಜಿಗೂ ಸಂಬಂಧವೇ ಇಲ್ಲ. ಇನ್ನೊಂದು ಕಡೆ, ಮೀನು ತೊಳೆದ ಒದ್ದೆ ಕೈ ಗಾಜಿನ ಮೇಲೆ ನೀರಿನ ಹನಿ ಬಿಟ್ಟರೆ ಆ ಹನಿಯನ್ನೇ ಅದು ಬೆರಳೆಂದು ತಿಳಿಯುತ್ತದೆ. ಆಗ ಯಾರೂ ಮುಟ್ಟದೆ ಚಾನೆಲ್ ಬದಲಾದೀತು.

ಒಳ್ಳೆಯದು ಏನಿದೆ?

ದೂರುವ ಮುಂಚೆ ಹೊಗಳಬೇಕಾದದ್ದನ್ನು ಹೇಳಿಬಿಡಬೇಕು. ಸಂಧಿವಾತದಿಂದ ಬೆರಳು ನೋಯುವವರಿಗೆ ಗಟ್ಟಿ ರಬ್ಬರ್ ಗುಂಡಿ ಒತ್ತುವುದೇ ಒಂದು ಕೆಲಸ. ಗಾಜನ್ನು ಸವರಿದರೆ ಸಾಕು. ಗುಂಡಿಯ ರಿಮೋಟಿನಲ್ಲಿ ನಲವತ್ತು ಗುಂಡಿ ಇದ್ದರೆ ನಾವು ಬಳಸುವುದು ಆರೋ ಏಳೋ. ಉಳಿದವು ತಪ್ಪಿ ಒತ್ತಲೆಂದೇ ಇರುವಂಥವು. ಟಚ್‌ಸ್ಕ್ರೀನಿನಲ್ಲಿ ಬೇಡದವನ್ನು ತೆಗೆದುಹಾಕಿ, ಬೇಕಾದವನ್ನು ಲಿಂಬೆಕಾಯಿ ಗಾತ್ರಕ್ಕೆ ದೊಡ್ಡದು ಮಾಡಬಹುದು. ಚಾನೆಲ್ ಸಂಖ್ಯೆ ನೆನಪಿಡುವ ಬದಲು ಚಿತ್ರ ಇಡಬಹುದು. ಇಂಗ್ಲಿಷ್ ಅಕ್ಷರ ಓದಲಾಗದವರಿಗೆ ಇದೊಂದೇ ಸಾಕು, ಅದನ್ನು ಕೊಳ್ಳಲು.

ಕತ್ತಲೆಯಲ್ಲಿ ಪರದೆ ತಾನೇ ಬೆಳಗುತ್ತದೆ. ಗುಂಡಿಯ ಮೇಲಿನ ಅಕ್ಷರ ತಿಕ್ಕಿ ತಿಕ್ಕಿ ಅಳಿಸಿಹೋಗುವ ಪ್ರಶ್ನೆ ಇಲ್ಲ. ಕೋಡಿಯಂಥ ಕಡಲ ತಡಿಯಲ್ಲಿ ಇನ್ನೂ ಒಂದು ಅನುಕೂಲ ಇದೆ. ಗುಂಡಿಗಳ ಸಂದಿಯಲ್ಲಿ ಹೊಯಿಗೆ, ಎಣ್ಣೆ, ಉಪ್ಪುಗಾಳಿಯ ತೇವ ಹೋಗಿ ಅಡಿಯ ಕರಿ ಚುಕ್ಕೆಗಳು ಹಾಳಾಗುವುದನ್ನು ನಾನು ಸಾವಿರಾರು ರಿಮೋಟಿನಲ್ಲಿ ನೋಡಿದ್ದೇನೆ. ಗಾಜಿಗೆ ಆ ಸಂದಿಯೇ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಕೊರತೆ ಏನು?

ಗುಂಡಿಯ ರಿಮೋಟ್ ತೆಗೆದುಕೊಂಡು ಐದನೇ ಅಂಕಿಯ ಮೇಲೆ ಬೆರಳಾಡಿಸಿ. ಹಲವು ರಿಮೋಟುಗಳಲ್ಲಿ ಅಲ್ಲಿ ಒಂದು ಪುಟ್ಟ ಮೊಟಕು ಸಿಗುತ್ತದೆ. ಕಣ್ಣಿನ ಸಹಾಯ ಇಲ್ಲದೆ ಬೆರಳಿಗೆ ದಾರಿ ತೋರಿಸುವ ಗುರುತು ಅದು. ಅಲ್ಲಿಂದ ಮೇಲೆ ಎರಡು, ಕೆಳಗೆ ಎಂಟು. ಕಣ್ಣು ಮಂಜಾದವರು, ಪೊರೆಯ ಆಪರೇಷನ್ ಆಗಬೇಕಾದವರು, ಪೂರ್ತಿ ದೃಷ್ಟಿ ಇಲ್ಲದವರು ಈ ಗುರುತಿನ ಬಲದಲ್ಲಿ ರಿಮೋಟ್ ಬಳಸುತ್ತಾರೆ. ಗಾಜಿನ ಮೇಲೆ ಎಲ್ಲ ಜಾಗವೂ ಒಂದೇ ನುಣುಪು. ದನಿ ತಗ್ಗಿಸಲೂ ಕನ್ನಡಕ ಹುಡುಕಬೇಕು, ಟಿವಿಯಿಂದ ಕಣ್ಣು ತೆಗೆದು ಕೆಳಗೆ ನೋಡಬೇಕು. ಒತ್ತಿದ್ದು ಒತ್ತಿತೋ ಇಲ್ಲವೋ ಎಂದು ಬೆರಳಿಗೆ ತಿಳಿಯುವುದಿಲ್ಲ. ಕೆಲವು ಪರದೆಗಳು ಮುಟ್ಟಿದಾಗ ನಡುಗಿ ತಿಳಿಸುತ್ತವೆ, ಎಲ್ಲವೂ ಅಲ್ಲ.

ಎರಡನೆಯದು, ಚಾರ್ಜು. ಸಾಧಾರಣ ರಿಮೋಟಿಗೆ ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ತಿಂಗಳುಗಟ್ಟಲೆ ಮರೆತುಬಿಡಬಹುದು. ಬೆಳಗುವ ಪರದೆಗೆ ಮೊಬೈಲಿನ ಹಾಗೆ ಆಗಾಗ ಚಾರ್ಜು ಬೇಕು. ಆಷಾಢದ ಗಾಳಿ ಮಳೆಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಎರಡು ದಿನ ಕರೆಂಟಿಲ್ಲದ್ದು ನಮ್ಮ ಕಡೆ ಯಾರಿಗೂ ಹೊಸತಲ್ಲ. ಇನ್ವರ್ಟರಿನಲ್ಲಿ ಫ್ಯಾನೇನೋ ತಿರುಗುತ್ತಿರುತ್ತದೆ; ಅದನ್ನು ನಿಧಾನ ಮಾಡಲು ರಿಮೋಟಿಗೆ ಜೀವ ಇರುವುದಿಲ್ಲ.

ಮೂರನೆಯದು, ಆಯುಸ್ಸು. ಹಾರ್ಮನಿಯ ಕಥೆ ಇಲ್ಲಿ ಬರುತ್ತದೆ. ಇಂಥ ರಿಮೋಟು ಹಲವು ಸಲ ಕಂಪೆನಿಯ ಆ್ಯಪು, ಕಂಪೆನಿಯ ಕಂಪ್ಯೂಟರುಗಳನ್ನು ನಂಬಿಕೊಂಡಿರುತ್ತದೆ. ಕಂಪೆನಿ ಆ ವ್ಯಾಪಾರವನ್ನೇ ಬಿಟ್ಟರೆ ನಾಳೆ ಕೊಂಡ ಹೊಸ ಟಿವಿಯ ಭಾಷೆಯನ್ನು ಅದಕ್ಕೆ ಕಲಿಸುವವರಿಲ್ಲ. ಗಾಜು ಒಡೆದರೆ ಹೊಸದನ್ನು ಕೂರಿಸುವ ಖರ್ಚಿಗೆ ಹತ್ತು ಸಾದಾ ರಿಮೋಟ್ ಬರುತ್ತವೆ. ಗುಂಡಿಯ ರಿಮೋಟನ್ನು ನಾವು ಬಿಚ್ಚಿ, ಸ್ಪಿರಿಟಿನಲ್ಲಿ ಒರೆಸಿ, ಸೆಲ್ಲಿನ ಸ್ಪ್ರಿಂಗಿಗೆ ಹಿಡಿದ ಕಿಲುಬು ಕೆರೆದು ಮತ್ತೆ ಬದುಕಿಸುತ್ತಿದ್ದೆವು.

ನಮ್ಮ ಮನೆಯಲ್ಲಿ ನೋಡಿದ್ದು

ನನ್ನ ಅಮ್ಮನಿಗೆ ಎಂಬತ್ತು ದಾಟಿದೆ. ಸಂಜೆಯ ವಾರ್ತೆ, ರಾತ್ರಿ ಯಕ್ಷಗಾನ ಸಿಕ್ಕಿದರೆ ಯಕ್ಷಗಾನ, ಇಷ್ಟು ಅವರ ಟಿವಿ. ಕಳೆದ ವರ್ಷ ದುಬೈಯಲ್ಲಿರುವ ನನ್ನ ತಂಗಿಯ ಮಗ ರಜೆಗೆ ಬಂದಾಗ ಟಚ್‌ಸ್ಕ್ರೀನ್ ರಿಮೋಟ್ ತಂದ. ಎಲ್ಲ ಜೋಡಿಸಿ, “ಅಮ್ಮಮ್ಮ, ಇನ್ ನೀವ್ ಎಲ್ಲ ಒಂದ್ರಗೇ ಮಾಡ್ಲಕ್” ಎಂದು ಹೇಳಿ ಹೋದ. ಹಳೆಯ ರಿಮೋಟುಗಳು ಕಪಾಟು ಸೇರಿದವು.

ಮೊದಲ ವಾರ ಅಮ್ಮ ಏನೂ ಹೇಳಲಿಲ್ಲ. ಆದರೆ ವಾರ್ತೆಯ ಹೊತ್ತಿಗೆ ಜಗಲಿಯಲ್ಲಿ ಕೂತಿರುತ್ತಿದ್ದರು. ಆ ವಾರವೇ ಕೋಟೇಶ್ವರದ ಕೊಡಿ ಹಬ್ಬ ಬಂತು. ಮಂಡಿನೋವು ಎಂದು ಅಮ್ಮ ಮನೆಯಲ್ಲೇ ಉಳಿದರು. ನಾವೆಲ್ಲ ತೇರಿಗೆ ಹೋದೆವು. ಬರುವಾಗ ರಾತ್ರಿಯಾಗಿತ್ತು. ಟಿವಿ ಆರಿತ್ತು. “ಎಂತಕ್ ಅಮ್ಮ, ಆಟ ಕಾಂಬುಕಿಲ್ದಾ?” ಎಂದೆ. “ಅದ್ ಬೆರಳ್ ಮುಟ್ರೆ ಎಂತೆಂತದೋ ಆತ್ತ್. ಹಾಂಗಾಯಿ ನಾನ್ ಮುಟ್ಲೇ ಇಲ್ಲ” ಎಂದರು. ಸಿಟ್ಟು, ದೂರು ಒಂದೂ ಆ ಮಾತಿನಲ್ಲಿ ಇರಲಿಲ್ಲ.

ಇದನ್ನು ಮಕ್ಕಳು ತಿಳಿದುಕೊಳ್ಳಬೇಕು. ಹೊಸ ಯಂತ್ರ ಒಗ್ಗದಿದ್ದರೆ ನೀವು ಕೂಗಾಡುತ್ತೀರಿ, ಯಾರನ್ನಾದರೂ ಕರೆಯುತ್ತೀರಿ. ಹಿರಿಯರು ಹಲವರು ಹಾಗೆ ಮಾಡುವುದಿಲ್ಲ. ಪ್ರತಿ ಸಲ ಯಾರನ್ನೋ ಕರೆಯುವುದು, ‘ನಿನ್ನೆ ಹೇಳಿಕೊಟ್ಟಿದ್ದೆನಲ್ಲ’ ಎನ್ನಿಸಿಕೊಳ್ಳುವುದು ಅವರಿಗೆ ಬೇಡ. ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಮನೆಯವರಿಗೆ ಅದು ಗೊತ್ತೂ ಆಗುವುದಿಲ್ಲ, ‘ಈಗೀಗ ಅಜ್ಜಿಗೆ ಟಿವಿಯಲ್ಲಿ ಆಸಕ್ತಿ ಇಲ್ಲ’ ಎಂದುಕೊಳ್ಳುತ್ತಾರೆ.

ಆರನೇ ಕ್ಲಾಸಿನ ನನ್ನ ಮೊಮ್ಮಗಳು ಮರುದಿನ ಮುತ್ತಜ್ಜಿಯ ಎದುರು ರಿಮೋಟ್ ಹಿಡಿದು ಕೂತಳು. ಕಲಿಸಲು ಹೋಗಲಿಲ್ಲ, “ನಿಮ್ಗೆ ಎಂತೆಲ್ಲ ಬೇಕ್?” ಎಂದು ಕೇಳಿದಳು. ಪಟ್ಟಿ ಚಿಕ್ಕದು: ಹೊತ್ತಿಸುವುದು, ಆರಿಸುವುದು, ದನಿ ಹೆಚ್ಚು, ದನಿ ಕಡಿಮೆ, ವಾರ್ತೆ, ಯಕ್ಷಗಾನ ಬರುವ ಚಾನೆಲ್. ಆರೇ ಆರು. ಉಳಿದದ್ದನ್ನೆಲ್ಲ ಪರದೆಯಿಂದ ತೆಗೆದಳು. ಗುಂಡಿಗೆ ಕನ್ನಡದಲ್ಲಿ ಹೆಸರು ಬರೆಯಲು ಆ ರಿಮೋಟ್ ಬಿಡಲಿಲ್ಲ. ಚಿತ್ರ ಹಾಕಲು ಬಿಟ್ಟಿತು. ಡ್ರಾಯಿಂಗ್ ಪುಸ್ತಕದಲ್ಲಿ ಯಕ್ಷಗಾನದ ಕೇದಗೆ ಮುಂದಲೆ, ವಾರ್ತೆಗೆ ಒಂದು ಪೇಪರು, ದನಿಗೆ ದೊಡ್ಡ ಕಿವಿ, ಸಣ್ಣ ಕಿವಿ ಬರೆದು ಬಣ್ಣ ಹಚ್ಚಿ, ಫೋಟೊ ತೆಗೆದು ಹಾಕಿದಳು. ಬೆರಳ ತುದಿಗೆ ಒಂದು ತೊಟ್ಟು ನೀರು ಸವರಿ ಒರೆಸಿಕೊಂಡರೆ ಗಾಜು ಬೇಗ ಗುರುತಿಸುತ್ತದೆ ಎಂಬುದನ್ನೂ ಅವಳೇ ಕಂಡುಕೊಂಡಳು. ಈಗ ಅಮ್ಮ ಹಗಲು ಹೊತ್ತು ಅದನ್ನೇ ಬಳಸುತ್ತಾರೆ.

ರಾತ್ರಿಯ ವಿಚಾರ ಬೇರೆ. ನಿದ್ದೆಗಣ್ಣಿನಲ್ಲಿ ಗಾಜು ಮುಟ್ಟಿದರೆ ಆ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕನ್ನಡಕ ಇರುವುದಿಲ್ಲ. ಫ್ಯಾನಿನ ಹಳೆಯ ರಿಮೋಟನ್ನು ಕಪಾಟಿನಿಂದ ತೆಗೆದು, ಆರಿಸುವ ಗುಂಡಿಯ ಮೇಲೆ ಅಮ್ಮನ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, ದಾರ ಕಟ್ಟಿ ಮಂಚದ ಕಾಲಿಗೆ ನೇತುಹಾಕಿದೆವು. ಕತ್ತಲೆಯಲ್ಲಿ ಕೈ ಚಾಚಿದರೆ ದಾರ ಸಿಗುತ್ತದೆ, ದಾರ ಎಳೆದರೆ ರಿಮೋಟ್, ರಿಮೋಟಿನ ಮೇಲೆ ಬೊಟ್ಟು.

ಫೋನೇ ರಿಮೋಟ್ ಆದರೆ?

ಶಿಯೋಮಿಯಂಥ ಕೆಲವು ಕಂಪೆನಿಗಳ ಫೋನುಗಳ ತಲೆಯಲ್ಲಿ ರಿಮೋಟಿನದ್ದೇ ಬಲ್ಬು ಇರುತ್ತದೆ. ಅಂಥ ಫೋನ್ ಇದ್ದರೆ ಬೇರೆ ಟಚ್‌ಸ್ಕ್ರೀನ್ ರಿಮೋಟಿಗೆ ದುಡ್ಡು ಹಾಕಬೇಕಾಗಿಲ್ಲ. ಬಲ್ಬು ಇಲ್ಲದ ಫೋನಿಗೆ ವೈಫೈ ಮೂಲಕ ಅಪ್ಪಣೆ ಪಡೆದು ಬೆಳಕು ಬಿಡುವ ಪುಟ್ಟ ಡಬ್ಬಿಗಳೂ ಸಿಗುತ್ತವೆ. ಇದರಿಂದ ದೂರದಲ್ಲಿರುವ ಮಗ ಅಲ್ಲಿಂದಲೇ ಅಪ್ಪನ ಏಸಿ ಆರಿಸಬಹುದು. ತೊಂದರೆ ಎರಡು. ಫೋನಿನ ಯಜಮಾನ ಪೇಟೆಗೆ ಹೋದರೆ ರಿಮೋಟೂ ಪೇಟೆಗೆ ಹೋಯಿತು. ವೈಫೈ ಸತ್ತರೆ ಡಬ್ಬಿಯೂ ಸತ್ತಿತು.

ಸ್ಮಾರ್ಟ್ ಟಿವಿ ಇರುವ ಮನೆಯಲ್ಲಿ ನನ್ನ ಕಣ್ಣಿಗೆ ಎಲ್ಲಕ್ಕಿಂತ ಒಳ್ಳೆಯದಾಗಿ ಕಂಡದ್ದು ಮಾತಿನ ಗುಂಡಿ. ಮೈಕಿನ ಗುಂಡಿ ಒತ್ತಿ ‘ಯಕ್ಷಗಾನ’ ಎಂದರೆ ಯೂಟ್ಯೂಬಿನಲ್ಲಿ ಹುಡುಕಿ ತರುತ್ತದೆ. ಪುಸ್ತಕದ ಕನ್ನಡ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಕುಂದಾಪ್ರ ಕನ್ನಡದಲ್ಲಿ ಹೇಳಿದರೆ ಒಮ್ಮೊಮ್ಮೆ ತಬ್ಬಿಬ್ಬಾಗುತ್ತದೆ. ಓದು ಬಾರದ ಅಜ್ಜಿಗೂ ಇದು ಕೈಗೆ ಸಿಗುವ ಸಲಕರಣೆ.

ಬಟನ್ ಸೆಲ್ಲು: ಎಚ್ಚರ!

ಚಿಕ್ಕ ರಿಮೋಟುಗಳಲ್ಲಿ, ಕೆಲವು ಆಟಿಕೆಗಳಲ್ಲಿ ನಾಣ್ಯದ ಹಾಗಿರುವ ಬಟನ್ ಸೆಲ್ಲು ಇರುತ್ತದೆ. ಪುಟ್ಟ ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಆಗಬಹುದು, ಪ್ರಾಣಕ್ಕೂ ಅಪಾಯ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇರುವ ರಿಮೋಟನ್ನೇ ಕೊಳ್ಳಿ. ಮುಗಿದ ಸೆಲ್ಲನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಮುಗಿದದ್ದೂ ಸುಡುತ್ತದೆ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಹಳೆಯ ಸೆಲ್ಲು, ಚಾರ್ಜಿನ ಬ್ಯಾಟರಿಗಳನ್ನು ಒಲೆಗೆ, ತೋಡಿಗೆ, ಕಡಲಿಗೆ ಎಸೆಯಬಾರದು.

ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

• ಹೊತ್ತಿಸುವುದಕ್ಕೆ, ದನಿಗೆ ನಿಜವಾದ ಗುಂಡಿ ಇದೆಯೇ? ಗಾಜಿನ ಜೊತೆ ನಾಲ್ಕು ಗುಂಡಿ ಇರುವ ಮಾದರಿ ಹಿರಿಯರ ಮನೆಗೆ ಉತ್ತಮ.

• ಹಳೆಯ ರಿಮೋಟಿನಿಂದ ಕಲಿಯುತ್ತದೆಯೇ, ಅಥವಾ ಕಂಪೆನಿಯ ಪಟ್ಟಿಯನ್ನು ಮಾತ್ರ ನಂಬಿದೆಯೇ?

• ಇಂಟರ್ನೆಟ್ ಇಲ್ಲದಾಗ ಕೆಲಸ ಮಾಡುತ್ತದೆಯೇ?

• ಬೇಡದ ಚಿತ್ರಗಳನ್ನು ತೆಗೆದು ಬೇಕಾದವನ್ನು ದೊಡ್ಡದು ಮಾಡಬಹುದೇ?

• ಮನೆಯ ಯಂತ್ರಗಳಲ್ಲಿ ಬ್ಲೂಟೂತಿನವು ಎಷ್ಟು?

• ಅಂಗಡಿಯಲ್ಲಿ ಅಜ್ಜಿಯೇ ಮುಟ್ಟಿ ನೋಡಿದರೇ?

ಈ ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ದುಡ್ಡು ಕೊಡಬೇಡಿ. ಮತ್ತೆ, ಎಷ್ಟೇ ಒಳ್ಳೆಯ ರಿಮೋಟ್ ಬಂದರೂ ಹಳೆಯದನ್ನು ಗುಜರಿಗೆ ಹಾಕಬೇಡಿ. ಸೆಲ್ಲು ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಸೆಲ್ಲು ಒಳಗೇ ಬಿಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ಅದು ಒಸರಿ ಸ್ಪ್ರಿಂಗನ್ನು ತಿಂದುಹಾಕಿರುತ್ತದೆ.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯ ಎಲ್ಲ ರಿಮೋಟುಗಳನ್ನು ಸಾಲಾಗಿ ಇಡಿ. ಕ್ಯಾಮೆರಾದಲ್ಲಿ ಪರೀಕ್ಷೆ ಮಾಡಿ ಯಾವುದು ಬೆಳಕಿನದ್ದು, ಯಾವುದು ರೇಡಿಯೊದ್ದು ಎಂದು ಬರೆದುಕೊಳ್ಳಿ. ಆಮೇಲೆ ಅಜ್ಜನನ್ನೋ ಅಜ್ಜಿಯನ್ನೋ ಪಕ್ಕ ಕೂರಿಸಿಕೊಂಡು, ಯಾವ ಗುಂಡಿ ಬೇಕು, ಯಾವುದು ಬೇಡ ಎಂದು ಕೇಳಿ. ಬೇಕಾದವುಗಳ ಮೇಲೆ ಒಂದೊಂದು ಬೊಟ್ಟು ಅಂಟಿಸಿ. ನಂತರ ನೀವು ಹೊರಗೆ ಹೋಗಿ ಆಡಿ. ಒಳಗಿನಿಂದ ನಿಮ್ಮನ್ನು ಯಾರೂ ಕರೆಯದೆ ವಾರ್ತೆಯ ದನಿ ಕೇಳಿಬಂದರೆ ನಿಮ್ಮ ಕೆಲಸ ಚೆನ್ನಾಗಿ ಆಗಿದೆ ಎಂದು ಲೆಕ್ಕ.